ಕಿರುಬೆರಳಿನಷ್ಟು ಜಾಗ

ಮೈಸೂರಿನಲ್ಲಿ ಒಂದು ಕಾಲಕ್ಕೆ ಬೈಕೂ ಊರಲ್ಲೇ ತಯಾರಾಗುತ್ತಿತ್ತು, ಅದಕ್ಕೆ ಹಾಕುವ ಟೈರೂ ಊರಲ್ಲೇ ತಯಾರಾಗುತ್ತಿತ್ತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಶುರುವಾಗಿ ಮೊದಲು ಜಾವಾ, ಎಪ್ಪತ್ತರ ದಶಕದಿಂದ ಯೆಜ್ಡಿ. ಕೆ.ಆರ್.ಎಸ್. ರಸ್ತೆಯ ಮೇಟಗಳ್ಳಿಯಲ್ಲಿ ಫಾಲ್ಕನ್ ಟೈರ್ಸ್. ಹಾಗಾಗಿ ನಮ್ಮೂರಿನವರಿಗೆ ಎರಡರ ಬಗ್ಗೆಯೂ ಗಟ್ಟಿ ಅಭಿಪ್ರಾಯಗಳಿರುತ್ತಿದ್ದವು, ಬೈಕ್ ಇಲ್ಲದವರಿಗೂ. ಹೋಟೆಲಿನಲ್ಲಿ ಸೆಟ್ ದೋಸೆ ತಿನ್ನುತ್ತ ಪಕ್ಕದ ಟೇಬಲಿನವರು ಕಾರ್ಬುರೇಟರ್ ಜೆಟ್ಟಿನ ವಿಚಾರಕ್ಕೆ ದನಿ ಏರಿಸುವುದನ್ನು ನಾನು ಬೇರೆ ಊರಿನಲ್ಲಿ ಕಂಡಿಲ್ಲ.

ನನ್ನ ಸೋದರಮಾವನದು ಟೈರ್ ಅಂಗಡಿ. ಡಿಗ್ರಿ ಓದುವಾಗ ಸಂಜೆ ಹೊತ್ತು ಅಲ್ಲಿ ಬಿಲ್ಲು ಬರೆಯುವುದು ನನ್ನ ಕೆಲಸ. ಆಮೇಲೆ ಬ್ಯಾಂಕಿನ ನೌಕರಿ ಸಿಕ್ಕ ಮೇಲೂ ಶನಿವಾರ ಸಂಜೆ ಅಲ್ಲೇ ಇರುತ್ತಿದ್ದೆ. ಮಾವನಿಗೆ ಸಹಾಯ ಮಾಡುವ ಆಸೆ ಅಂತ ಮನೆಯಲ್ಲಿ ಹೇಳುತ್ತಿದ್ದೆ. ನಿಜವಾದ ಕಾರಣ ಅಂಗಡಿಯ ಮುಂದೆ ನಡೆಯುತ್ತಿದ್ದ ನಾಟಕ. ಹೊಸ ರಬ್ಬರಿನ ವಾಸನೆ, ಟೈರ್ ಲಿವರಿನ ಟಣಟಣ, ಟ್ಯೂಬಿಗೆ ಹಚ್ಚುವ ಫ್ರೆಂಚ್ ಚಾಕಿನ ಬಿಳಿ ಧೂಳು, ಅದರ ನಡುವೆ ಬೈಕಿನ ಯಜಮಾನರ ಬಯಕೆಗಳು. ಆ ಬಯಕೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಒಂದೇ: "ಹಿಂದ್ಗಡೆ ಸ್ವಲ್ಪ ದಪ್ಪದ್ದು ಹಾಕ್ಕೊಡಿ."

ಹಾಗೆ ಕೇಳಿಕೊಂಡು ಬರುವವರಲ್ಲಿ ಎರಡು ಜಾತಿ. ಹುಣಸೂರು, ಪಿರಿಯಾಪಟ್ಟಣದ ಕಡೆಯಿಂದ ಬರುವವರು ಯೆಜ್ಡಿಯ ಎರಡೂ ಬದಿಗೆ ಹಾಲಿನ ಕ್ಯಾನು ಕಟ್ಟಿಕೊಂಡೇ ಬರುತ್ತಿದ್ದರು. ಒಬ್ಬರು ತಂಬಾಕಿನ ಹೊರೆ ಹೇರುತ್ತಿದ್ದರು, ಇನ್ನೊಬ್ಬರು ಕೊಡಗಿನ ತೋಟದ ರೈಟರು, ಕೆಮ್ಮಣ್ಣಿನ ಏರಿನಲ್ಲಿ ದಿನಾ ಹತ್ತಿ ಇಳಿಯಬೇಕಾದವರು. ಇವರಿಗೆ ಟೈರು ದಪ್ಪ ಕಾಣಬೇಕೆಂಬ ಹಂಬಲವಿರಲಿಲ್ಲ, ಹೊರೆ ತಡೆಯಬೇಕಿತ್ತು. ಎರಡನೆಯ ಜಾತಿ ಕಾಲೇಜು ಹುಡುಗರದು. ಇವರಿಗೆ ಬೇಕಿದ್ದದ್ದು ಹಿಂದಿನಿಂದ ನೋಡುವವರ ಕಣ್ಣು. ಮೊದಲನೆಯವರಿಗೆ ಮಾವ ಹೆಚ್ಚು ಪ್ಲೈ (ಒಳಪದರ) ಇರುವ ಟೈರು ಕೊಟ್ಟು ಕಳಿಸುತ್ತಿದ್ದ, ಕತೆ ಅಲ್ಲಿಗೆ ಮುಗಿಯುತ್ತಿತ್ತು. ಎರಡನೆಯವರದೇ ಮುಗಿಯುತ್ತಿರಲಿಲ್ಲ.

ಆಗ ಹೊಸ ಯೆಜ್ಡಿ ಬರುವುದು ನಿಂತುಹೋಗಿತ್ತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಕೆಲಸ ಕಳೆದುಕೊಂಡವರು ಊರಿನ ತುಂಬ ಹರಡಿದರು: ಕೆಲವರು ಗ್ಯಾರೇಜು ತೆರೆದರು, ಕೆಲವರು ಆಟೋ ಓಡಿಸಿದರು. ಅವರಲ್ಲಿ ಒಬ್ಬರು ನಮ್ಮ ಅಂಗಡಿಯ ಪಕ್ಕದ ಶೆಡ್ಡಿನಲ್ಲಿ ಚಕ್ರ ಕಟ್ಟುವ ಕೆಲಸ ಹಿಡಿದರು. ಅಸೆಂಬ್ಲಿಯಲ್ಲಿ ಜೀವ ಸವೆಸಿದ್ದ ಫಿಟ್ಟರು. ಎಲ್ಲರೂ ಅವರನ್ನು ಫಿಟ್ಟರ್ ಸಾರ್ ಎನ್ನುತ್ತಿದ್ದರು. ತೆಳ್ಳನೆಯ ಆಳು, ತೋಳಿಲ್ಲದ ಬನಿಯನ್ನು, ಮೂಗಿನ ತುದಿಗೆ ಇಳಿದ ಕನ್ನಡಕ. ಚಕ್ರವನ್ನು ಸ್ಟ್ಯಾಂಡಿನ ಮೇಲೆ ತಿರುಗಿಸಿ, ಕಡ್ಡಿಗಳ ಮೇಲೆ ಸ್ಕ್ರೂಡ್ರೈವರಿನ ತುದಿ ಆಡಿಸಿ, ನಾದ ಕೇಳಿಯೇ ಯಾವ ಕಡ್ಡಿ ಸಡಿಲ ಎಂದು ಹೇಳುತ್ತಿದ್ದರು.

ಮಾವನಿಗೂ ಅವರಿಗೂ ನಡುವೆ ನಿತ್ಯದ ಸಣ್ಣ ಯುದ್ಧ. ಮಾವ ಮಾರುವವನು, ದಪ್ಪ ಟೈರಿನಲ್ಲಿ ಲಾಭವೂ ದಪ್ಪ. ಫಿಟ್ಟರ್ ಸಾರ್ ಕೂರಿಸಬೇಕಾದವರು. ಗಿರಾಕಿ ಎದುರಿಗೇ ಅವರು ಕಿರುಬೆರಳು ತೋರಿಸುತ್ತಿದ್ದರು. "ಟೈರು, ಚೈನ್‌ಕೇಸು, ನಡುವೆ ಈ ಬೆರಳು ಹೋಗ್ಬೇಕು. ಹೋಗ್ಲಿಲ್ಲ ಅಂದ್ರೆ ನನ್ನ ಕರೀಬೇಡಿ." ಮಾವ ನಗುತ್ತ, "ನಿಮ್ಮ ಬೆರಳು ದಪ್ಪ ಸ್ವಾಮಿ" ಎನ್ನುತ್ತಿದ್ದ.

ಯೆಜ್ಡಿಯನ್ನು ಹತ್ತಿರದಿಂದ ಕಾಣದವರಿಗೆ ಈ ಬೆರಳಿನ ಲೆಕ್ಕ ಹೇಳಬೇಕು. ಬುಲೆಟ್ಟಿನಲ್ಲಿ ಚೈನಿನ ಮೇಲೆ ಒಂದು ತಗಡಿನ ಮರೆ ಮಾತ್ರ. ಜಾವಾ, ಯೆಜ್ಡಿಗಳಲ್ಲಿ ಹಾಗಿಲ್ಲ. ಎಡಬದಿಯ ಚೈನು ಪೂರ್ತಿ ಮುಚ್ಚಿದ ಉಕ್ಕಿನ ಪೆಟ್ಟಿಗೆಯೊಳಗೆ ಓಡುತ್ತದೆ. ಧೂಳಿಲ್ಲ, ಕೆಸರಿಲ್ಲ, ಪ್ಯಾಂಟಿಗೆ ಗ್ರೀಸಿಲ್ಲ, ಚೈನು ವರ್ಷಗಟ್ಟಲೆ ಬಾಳುತ್ತದೆ. ನಮ್ಮ ರಸ್ತೆಗಳಿಗೆ ಇದಕ್ಕಿಂತ ಒಳ್ಳೆಯ ಏರ್ಪಾಟು ಆಮೇಲೆ ಬಂದ ಎಷ್ಟೋ ಬೈಕುಗಳಲ್ಲಿಯೂ ಇರಲಿಲ್ಲ ಎಂಬುದು ನನ್ನ ಮತ. ಆದರೆ ಆ ಪೆಟ್ಟಿಗೆ ಟೈರಿನ ಪಕ್ಕದಲ್ಲೇ ಕೂತಿರುತ್ತದೆ. ಟೈರು ಅಗಲವಾದಷ್ಟೂ ಮೊದಲು ತಾಗುವುದು ಅದಕ್ಕೇ.

ಹಳೆಯ ಟೈರುಗಳ ಅಳತೆ ಇಂಚಿನಲ್ಲಿ. ಯೆಜ್ಡಿ ಕ್ಲಾಸಿಕ್ಕಿಗೆ 3.25-16, ಅಂದರೆ ಮೂರೂ ಕಾಲು ಇಂಚಿನ ಟೈರು, ಹದಿನಾರು ಇಂಚಿನ ರಿಮ್ಮು. ಯೆಜ್ಡಿ ರೋಡ್‌ಕಿಂಗ್‌ಗೆ ಹದಿನೆಂಟು ಇಂಚಿನ ಚಕ್ರ, ಹಿಂದೆ 3.25-18. ಹದಿನಾರರ ಮಾಲೀಕರಿಗೆ ಆಯ್ಕೆ ಕಡಿಮೆ, ಹಾಗಾಗಿ ಹುಚ್ಚೂ ಕಡಿಮೆ. ಹದಿನೆಂಟರವರದು ಬೇರೆ. ಹಿಂದೆಯೇ ರಾಜ್‌ದೂತ್ 350 ಹಿಂಚಕ್ರದ 3.50-18 ಟೈರು ಬಂದಿತ್ತು, ಅದು ರೋಡ್‌ಕಿಂಗ್‌ಗೆ ತಕರಾರಿಲ್ಲದೆ ಕೂರುತ್ತಿತ್ತು. 1999ರಲ್ಲಿ ಹೀರೋ ಹೋಂಡಾ ಸಿಬಿಝಡ್ ಬಂತು, ಹಿಂದೆ 100/90-18, ಅಂದರೆ ನೂರು ಮಿಲಿಮೀಟರು ಅಗಲದ ಟೈರು. ಅದೇ ರಿಮ್ಮಿನ ಅಳತೆ, ಆದರೆ ನೋಡಲು ಭರ್ಜರಿ. ಹುಡುಗರು ಆ ಬೈಕನ್ನು ಕೊಳ್ಳಲಾರರು, ಅದರ ಟೈರನ್ನು ಕೊಳ್ಳಬಲ್ಲರು. ಅಪ್ಪನ ರೋಡ್‌ಕಿಂಗ್ ಮನೆಯಲ್ಲೇ ಇತ್ತು. ಆಮೇಲೆ 2004ರಲ್ಲಿ 'ಧೂಮ್' ಸಿನಿಮಾ ಬಂದ ಮೇಲಂತೂ 100 ಸಾಲದಾಯಿತು. 110 ಕೇಳುವವರು ಬಂದರು, 120 ಕೇಳುವವರೂ ಬಂದರು. ಒಬ್ಬ ಅವೆಂಜರಿನ 130/90-15 ಟೈರನ್ನು ತೋಳಿಗೆ ಸಿಕ್ಕಿಸಿಕೊಂಡೇ ಬಂದಿದ್ದ. ಅದು ಹದಿನೈದಿಂಚು, ನಿನ್ನ ರಿಮ್ಮು ಹದಿನೆಂಟು ಎಂದರೆ, "ಅಡ್ಜಸ್ಟ್ ಆಗಲ್ವಾ?" ಎಂದು ಕೇಳಿದ.

ಅಡ್ಜಸ್ಟ್ ಮಾಡುವ ದಾರಿಗಳನ್ನು ಊರಿನ ಗ್ಯಾರೇಜುಗಳು ಕಂಡುಹಿಡಿಯದೆ ಬಿಟ್ಟಿರಲಿಲ್ಲ. ಹಳೆ 3.25 ಟೈರಿಗೆ ಕ್ಯಾಲಿಪರ್ ಹಿಡಿದರೆ 90 ಮಿಲಿಮೀಟರಿನ ಆಸುಪಾಸು ಬರುತ್ತಿತ್ತು. 110ರ ಟೈರು ಎಂದರೆ ಇಪ್ಪತ್ತು ಮಿಲಿಮೀಟರು ಹೆಚ್ಚು, ಬದಿಗೆ ಹತ್ತರಂತೆ. ಫಿಟ್ಟರ್ ಸಾರ್ ಹೇಳುತ್ತಿದ್ದ ಕಿರುಬೆರಳು ಅಲ್ಲಿಗೆ ಮಾಯ. ಆಗ ಮೊದಲ ಉಪಾಯ ಸುತ್ತಿಗೆ. ಚೈನ್‌ಕೇಸನ್ನು ಟೈರಿನ ಕಡೆಯಿಂದ ತಟ್ಟಿ ತಗ್ಗು ಮಾಡುವುದು. ಟೈರಿಗೆ ಜಾಗವಾಯಿತು, ಒಳಗಿನ ಚೈನಿಗೆ ಜಾಗ ಹೋಯಿತು. ಹೊಸ ಚೈನು ಸ್ವಲ್ಪ ಎಳೆದುಕೊಂಡು ಸಡಿಲವಾದ ಕೂಡಲೇ ಆ ತಗ್ಗಿಗೆ ಉಜ್ಜಿ ಕಿರ್ರೋ ಎನ್ನುವುದು.

ಎರಡನೆಯದು ವಾಷರು. ಚಕ್ರವನ್ನೇ ಬಲಕ್ಕೆ ಸರಿಸಲು ಆಕ್ಸಲ್ಲಿಗೆ ಒಂದೆರಡು ವಾಷರು ತೂರಿಸುವುದು. ಜಾವಾದ ಹಿಂಚಕ್ರದ ಸೊಗಸೇ ಬೇರೆ: ಆಕ್ಸಲ್ ಎಳೆದರೆ ಚಕ್ರ ಮಾತ್ರ ಕೈಗೆ ಬರುತ್ತದೆ, ಚೈನೂ ಸ್ಪ್ರಾಕೆಟ್ಟೂ ತಮ್ಮ ಪೆಟ್ಟಿಗೆಯಲ್ಲಿ ಹಾಗೇ ಉಳಿಯುತ್ತವೆ. ಪಂಚರಾದಾಗ ಈ ಸುಖ ಗೊತ್ತಾಗುತ್ತದೆ. ಆದರೆ ವಾಷರು ತೂರಿಸಿದರೆ ಹಬ್ಬು ಸ್ಪ್ರಾಕೆಟ್ ಕಡೆಯ ಜೋಡಣೆಗೆ ಪೂರ್ತಿ ಕೂರುವುದಿಲ್ಲ. ಎಂಜಿನ್ನಿನ ಎಳೆತವೆಲ್ಲ ಅರ್ಧ ಕಚ್ಚಿಕೊಂಡ ಜೋಡಣೆಯ ಮೇಲೆ ಬೀಳುತ್ತದೆ.

ಮೂರನೆಯದು ಕಲಾವಿದರ ಉಪಾಯ, ಫಿಟ್ಟರ್ ಸಾರ್ ಮನಸ್ಸು ಮಾಡಿದ್ದರೆ ಅವರೇ ಚೆನ್ನಾಗಿ ಮಾಡಬಲ್ಲವರಾಗಿದ್ದರು. ಹಬ್ಬು ಇದ್ದಲ್ಲೇ ಇರಲಿ, ಕಡ್ಡಿಗಳನ್ನು ಒಂದು ಬದಿಗೆ ಬಿಗಿದು ಇನ್ನೊಂದು ಬದಿಗೆ ಸಡಿಲಿಸಿ ರಿಮ್ಮನ್ನೇ ಬಲಕ್ಕೆ ಎಳೆಯುವುದು. ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಒಂದು ಸಲ ಬೇರೆ ಗ್ಯಾರೇಜಿನಲ್ಲಿ ಹೀಗೆ ಮಾಡಿಸಿಕೊಂಡು ಬಂದ ಹುಡುಗನೊಬ್ಬ, ಕೈ ಬಿಟ್ಟರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ ಎಂದು ದೂರಿದ. ಫಿಟ್ಟರ್ ಸಾರ್ ಏನೂ ಮಾತಾಡದೆ ಉದ್ದನೆಯ ದಾರ ತಂದರು. ಹಿಂಚಕ್ರದ ಹಿಂಬದಿಗೆ ಗಂಟು ಹಾಕಿ, ಟೈರಿನ ಎರಡೂ ಅಂಚಿಗೆ ತಾಗುವಂತೆ ಎಳೆದು ಮುಂಚಕ್ರದ ತನಕ ತಂದರು. ಒಂದು ಬದಿಯಲ್ಲಿ ದಾರಕ್ಕೂ ಮುಂದಿನ ಟೈರಿಗೂ ನಡುವೆ ಬೆರಳು ಆರಾಮಾಗಿ ಹೋಯಿತು, ಇನ್ನೊಂದು ಬದಿಯಲ್ಲಿ ದಾರ ಟೈರಿಗೇ ಒತ್ತಿಕೊಂಡಿತು. "ಮುಂದಿನ ಚಕ್ರ ಅಶೋಕ ರಸ್ತೇಲಿ ಹೋಗ್ತಿದೆ, ಹಿಂದಿಂದು ಫುಟ್‌ಪಾತಲ್ಲಿ" ಎಂದರು. ಆ ದಾರದ ಪರೀಕ್ಷೆಯನ್ನು ನಾನು ಇವತ್ತಿಗೂ ಮಾಡುತ್ತೇನೆ, ಖರ್ಚಿಲ್ಲದ್ದು, ಸುಳ್ಳು ಹೇಳದ್ದು.

ಕೊನೆಯ ಉಪಾಯ ಎಲ್ಲಕ್ಕಿಂತ ಸುಲಭ: ಚೈನ್‌ಕೇಸನ್ನೇ ಬಿಚ್ಚಿ ಎಸೆಯುವುದು. ಅದನ್ನೇ ಹೆಚ್ಚು ಜನ ಮಾಡಿದರು.

ಅಗಲದ ಮಾತಾಯಿತು. ದಪ್ಪ ಟೈರು ಎತ್ತರವೂ ಹೌದು ಎಂಬುದನ್ನು ಗಿರಾಕಿಗಳು ಮರೆಯುತ್ತಿದ್ದರು. ಯೆಜ್ಡಿಯ ಮಡ್‌ಗಾರ್ಡು ಆಳವಾದದ್ದು, ಚಕ್ರವನ್ನು ಅಪ್ಪಿಕೊಂಡಿರುತ್ತದೆ. ಗಾಳಿ ಇಳಿಸಿದ ದಪ್ಪ ಟೈರನ್ನು ಗಾಡಿ ವಾಲಿಸಿ ಹೇಗೋ ಒಳಗೆ ತೂರಿಸಬಹುದು, ಎಲ್ಲರೂ ಗೆದ್ದೆವು ಎನ್ನುತ್ತಾರೆ. ಆಮೇಲೆ ಪಂಪು ಹಿಡಿಯುತ್ತಾರೆ. ಇಪ್ಪತ್ತು ಪೌಂಡಿನ ಹೊತ್ತಿಗೆ ಚಕ್ರ ತಿರುಗುವುದು ಬಿಗಿಯಾಗುತ್ತದೆ, ಇಪ್ಪತ್ತೆಂಟಕ್ಕೆ ನಿಂತೇಹೋಗುತ್ತದೆ. ಅಂಗಡಿಯ ಮುಂದೆ ಇದು ಎಷ್ಟು ಸಲ ನಡೆಯಿತೋ! ಮತ್ತೆ ಗಾಳಿ ಬಿಡು, ಮತ್ತೆ ವಾಲಿಸು. ಅಷ್ಟರಲ್ಲಿ ಪೇಂಟು ನಾಲ್ಕು ಕಡೆ ಕೆರೆದಿರುತ್ತದೆ.

ತಿರುಗಿದರೂ ಅಪಾಯ ತಪ್ಪಿತೆಂದಲ್ಲ. ಟೈಲ್ ಲ್ಯಾಂಪು, ನಂಬರ್ ಪ್ಲೇಟುಗಳ ಬೋಲ್ಟುಗಳ ತುದಿ ಮಡ್‌ಗಾರ್ಡಿನ ಒಳಗೆ ಇಣುಕುತ್ತಿರುತ್ತದೆ, ಲೈಟಿನ ವೈರೂ ಅಲ್ಲೇ ಹಾದುಹೋಗುತ್ತದೆ. ಒಬ್ಬನೇ ಕೂತಾಗ ಏನೂ ಆಗುವುದಿಲ್ಲ. ಹಿಂದೆ ಒಬ್ಬರನ್ನು ಕೂರಿಸಿ ಗುಂಡಿಗೆ ಇಳಿದಾಗ ಶಾಕ್ ಅಬ್ಸಾರ್ಬರು ಕುಗ್ಗಿ ಟೈರು ಮೇಲೇರುತ್ತದೆ. ಹಳೆ ಕಾಲದ ನೈಲಾನ್ ಪದರದ ಟೈರುಗಳು ವೇಗ ಹೆಚ್ಚಿದಾಗ ಸುತ್ತುವ ರಭಸಕ್ಕೆ ತಾವೂ ಸ್ವಲ್ಪ ಉಬ್ಬುತ್ತವೆ. ಹೊಸ ಟೈರಿನ ನಡುಮಧ್ಯೆ ಬೋಲ್ಟು ಕೊರೆದ ಗೀರು ಹೊತ್ತು ಬಂದವರನ್ನು ಕಂಡಿದ್ದೇನೆ. ಟೈರ್ ಕಂಪನಿಯ ದೋಷ, ಬದಲಾಯಿಸಿಕೊಡಿ ಎಂದು ಅವರ ವಾದ.

ತೀರ್ಥಹಳ್ಳಿ ಕಡೆಯ ವಿದ್ಯಾರ್ಥಿಯೊಬ್ಬ ಇಲ್ಲಿ ಓದುತ್ತಿದ್ದ. ಮಡ್‌ಗಾರ್ಡಿಗೂ ಟೈರಿಗೂ ನಡುವೆ ಪೋಸ್ಟ್‌ಕಾರ್ಡು ಹೋಗುವಷ್ಟೇ ಜಾಗ ಬಿಟ್ಟು ದಪ್ಪ ಟೈರು ಹಾಕಿಸಿಕೊಂಡು ಜುಲೈ ತಿಂಗಳಲ್ಲಿ ಊರಿಗೆ ಹೊರಟ. ಮೈಸೂರಿನ ಡಾಂಬರು ರಸ್ತೆಯಲ್ಲಿ ಗಾಡಿ ಚೆನ್ನಾಗಿಯೇ ಹೋಗಿತ್ತು. ಊರಿನ ಹತ್ತಿರದ ಮಣ್ಣು ದಾರಿಯಲ್ಲಿ ಅಂಟುಮಣ್ಣು, ಅಡಿಕೆ ಸೋಗೆಯ ಚೂರು, ಎಲೆ ಎಲ್ಲ ಸೇರಿ ಒಳಗೆ ಗಟ್ಟಿಯಾಗಿ ತುಂಬಿಕೊಂಡು ಚಕ್ರ ನಿಂತೇಬಿಟ್ಟಿತಂತೆ. ಮಳೆಯಲ್ಲಿ ಕೂತು ಕಡ್ಡಿಯಿಂದ ಮಣ್ಣು ಕೆದಕಿ ತೆಗೆದು, ಸ್ವಲ್ಪ ದೂರ ಹೋಗಿ, ಮತ್ತೆ ಕೆದಕಿ ಮನೆ ಸೇರಿದನಂತೆ. ಆ ಖಾಲಿ ಜಾಗವನ್ನು ಜಾವಾ ಕಟ್ಟಿದವರು ಸುಮ್ಮನೆ ಬಿಟ್ಟಿರಲಿಲ್ಲ. ಕೆಸರಿಗೆ, ಕುಗ್ಗುವ ಸ್ಪ್ರಿಂಗಿಗೆ, ಉಬ್ಬುವ ಟೈರಿಗೆ ಲೆಕ್ಕ ಹಾಕಿ ಬಿಟ್ಟದ್ದು.

ಸ್ಟ್ಯಾಂಡಿನದು ಸಣ್ಣ ವಿಷಯ, ಆದರೂ ಹೇಳುತ್ತೇನೆ. ಸೆಂಟರ್ ಸ್ಟ್ಯಾಂಡ್ ಹಾಕಿದರೆ ಹಿಂಚಕ್ರ ನೆಲ ಬಿಡಬೇಕು. ಟೈರು ಎತ್ತರವಾದರೆ ಬಿಡುವುದಿಲ್ಲ, ಗಾಡಿ ಸ್ಟ್ಯಾಂಡಿನ ಮೇಲೂ ಇಲ್ಲದೆ ಚಕ್ರದ ಮೇಲೂ ಇಲ್ಲದೆ ತೂಗಾಡುತ್ತದೆ. ಸ್ಟ್ಯಾಂಡಿನ ಕಾಲಿಗೆ ಕಬ್ಬಿಣದ ತುಂಡು ವೆಲ್ಡ್ ಮಾಡಿಸಿಕೊಂಡವರು ಇದ್ದರು. ಆಗ ಸ್ಪೀಡ್ ಬ್ರೇಕರಿಗೆ ಆ ತುಂಡು ಬಡಿಯಿತು.

ಇಷ್ಟೆಲ್ಲ ಪಟ್ಟರೂ ಸಿಗುವುದೇನು? ಹುಡುಗರ ಉತ್ತರ ಸಿದ್ಧವಿರುತ್ತಿತ್ತು: ಗ್ರಿಪ್ಪು. ಫಿಸಿಕ್ಸ್ ಓದಿದವನಾದ್ದರಿಂದ ನನಗೆ ಇದರಲ್ಲಿ ಆಸಕ್ತಿ ಹುಟ್ಟಿತು. ಟೈರು ನೆಲಕ್ಕೆ ತಾಗುವ ಜಾಗ ಎಷ್ಟೆಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಅದರ ಮೇಲಿನ ಭಾರ ಮತ್ತು ಒಳಗಿನ ಗಾಳಿ. ಹಿಂಚಕ್ರದ ಮೇಲೆ 120 ಕಿಲೋ ಇದೆ ಅನ್ನಿ, ಗಾಳಿ 28 ಪೌಂಡು, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋ. ತಾಗುವ ಜಾಗ 60 ಚದರ ಸೆಂಟಿಮೀಟರಿನ ಆಸುಪಾಸು. ಟೈರು ತೆಳ್ಳಗಿರಲಿ ದಪ್ಪಗಿರಲಿ, ಗಾಳಿ ಅಷ್ಟೇ ಇದ್ದರೆ ಜಾಗ ಹೆಚ್ಚುಕಡಿಮೆ ಅಷ್ಟೇ. ಆಕಾರ ಮಾತ್ರ ಬದಲು: ಉದ್ದ ಕಮ್ಮಿ, ಅಗಲ ಹೆಚ್ಚು. ದಪ್ಪ ಟೈರಿನ ಲಾಭವೆಂದರೆ ಹೊರೆ ಹೆಚ್ಚು ತಡೆಯುತ್ತದೆ, ಗಾಳಿ ಸ್ವಲ್ಪ ಕಡಿಮೆ ಹಾಕಿದರೂ ಸಹಿಸುತ್ತದೆ, ಗುಂಡಿಯ ಏಟು ಮೆತ್ತಗಾಗುತ್ತದೆ. ಹಾಲಿನವರೂ ತೋಟದ ರೈಟರೂ ಇದನ್ನು ಲೆಕ್ಕವಿಲ್ಲದೆಯೇ ಅರಿತಿದ್ದರು.

ಅದೂ ರಿಮ್ಮು ಹೊಂದಿದರೆ. ಹಳೆ ಬೈಕುಗಳ ರಿಮ್ಮು ಕಿರಿದು. ಅಗಲದ ಗುರುತು ಡಬ್ಲ್ಯುಎಂ1 ಎಂದರೆ 1.60 ಇಂಚು, ಡಬ್ಲ್ಯುಎಂ2 ಎಂದರೆ 1.85, ಡಬ್ಲ್ಯುಎಂ3 ಎಂದರೆ 2.15. 1.85ರ ರಿಮ್ಮಿಗೆ 3.25, 3.50 ಸರಿ. ಅದರ ಮೇಲೆ 110, 120 ಕೂರಿಸಿದರೆ ಟೈರಿನ ಎರಡೂ ಅಂಚು ಹತ್ತಿರ ಬಂದು, ಕುತ್ತಿಗೆ ಹಿಡಿದ ಬಲೂನಿನಂತೆ ಮೇಲೆ ದುಂಡಾಗುತ್ತದೆ. ಅಗಲದ ದುಡ್ಡು ಕೊಟ್ಟವನಿಗೆ ನೆಲ ತಾಗುವುದು ನಡುವಿನ ಪಟ್ಟಿ ಮಾತ್ರ. ಸವೆಯುವುದೂ ಅದೇ. ತಿರುವಿನಲ್ಲಿ ಬದಿಗೋಡೆ ತೇಲಾಡುತ್ತದೆ. ಚಾಮುಂಡಿ ಬೆಟ್ಟ ಇಳಿಯುವ ರಸ್ತೆಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಸ್ನೇಹಿತನೊಬ್ಬನ 110 ಹಾಕಿದ ರೋಡ್‌ಕಿಂಗನ್ನು ಅಲ್ಲಿ ಇಳಿಸಿದಾಗ, ಪ್ರತಿ ತಿರುವಿನಲ್ಲೂ ಗಾಡಿ ಒಂದು ಕ್ಷಣ ಯೋಚಿಸಿ ಆಮೇಲೆ ಬಾಗುತ್ತಿತ್ತು. ಹಿಂಬದಿ ಎದ್ದದ್ದರಿಂದ ಮುಂದಿನ ಫೋರ್ಕಿನ ಓರೆಯೂ ಬದಲಾಗಿ ಹ್ಯಾಂಡಲು ಚಂಚಲವಾಗಿತ್ತು.

ಏರುವಾಗ ಇನ್ನೊಂದು ಪಾಡು. ಚಕ್ರದ ಸುತ್ತಳತೆ ನೂರಕ್ಕೆ ಮೂರ್ನಾಲ್ಕು ಹೆಚ್ಚಿದರೂ ಗೇರುಗಳೆಲ್ಲ ಅಷ್ಟು ಭಾರವಾಗುತ್ತವೆ. ರೋಡ್‌ಕಿಂಗ್‌ಗೆ ಇದ್ದದ್ದು 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್ನು, 16 ಅಶ್ವಶಕ್ತಿ. ಹಳೆ ಜಾವಾಕ್ಕೆ ಅದಕ್ಕಿಂತಲೂ ಕಡಿಮೆ. ನಾಲ್ಕನೇ ಗೇರಿನಲ್ಲಿ ಗುನುಗುತ್ತ ಹತ್ತುತ್ತಿದ್ದ ಏರನ್ನು ಮೂರರಲ್ಲಿ ಹತ್ತಬೇಕಾಗುತ್ತಿತ್ತು. ಯೆಜ್ಡಿಯ ಸ್ಪೀಡೋಮೀಟರ್ ಕೇಬಲು ಗೇರ್‌ಬಾಕ್ಸ್ ಕಡೆಯಿಂದ ಬರುವುದರಿಂದ ಮುಳ್ಳು ನಿಜವಾದ ವೇಗಕ್ಕಿಂತ ಕಡಿಮೆಯನ್ನೇ ತೋರಿಸುತ್ತಿತ್ತು, ಕಿಲೋಮೀಟರೂ ಕಡಿಮೆ ಓಡಿದಂತೆ ಲೆಕ್ಕವಾಗುತ್ತಿತ್ತು. ಹಾಗಾಗಿ ಮೈಲೇಜು ಬಿತ್ತು ಎಂಬ ದೂರಿನಲ್ಲಿ ಅರ್ಧ ಈ ಸುಳ್ಳು ಲೆಕ್ಕದ್ದು.

ಹಿಂದೆ ದಪ್ಪ ಟೈರು ಹಾಕುವುದೇ ತಪ್ಪೆಂದು ನಾನು ಹೇಳಲಾರೆ. ರಾಜ್‌ದೂತ್ 350ಕ್ಕೆ ಕಾರ್ಖಾನೆಯೇ ಮುಂದೆ 3.00, ಹಿಂದೆ 3.50 ಕೊಟ್ಟಿತ್ತು. ಬುಲೆಟ್ 350ಕ್ಕೆ ಎರಡೂ ಕಡೆ 3.25-19 ಇದ್ದರೆ, 500ಕ್ಕೆ ಹಿಂದೆ 3.50-19. ಎಳೆತವೂ ಹಿಂಬದಿಯವರ ಭಾರವೂ ಹಿಂಚಕ್ರದ ಮೇಲೇ ಬೀಳುವುದರಿಂದ ಅಲ್ಲಿ ಒಂದು ಮೆಟ್ಟಿಲು ಮೇಲೆ ಹೋಗುವುದರಲ್ಲಿ ನ್ಯಾಯವಿದೆ. 2018ರಲ್ಲಿ ಹೊಸ ಜಾವಾ ಬಂದಾಗ ಅದರ ಹಿಂದೆ 120/80-17 ಟೈರು ಇತ್ತು. ಅದು ಫೋರ್ ಸ್ಟ್ರೋಕ್, 293 ಸಿಸಿ, ಅದರ ಫ್ರೇಮು, ಸ್ವಿಂಗ್ ಆರ್ಮು ಎಲ್ಲ ಆ ಟೈರಿಗೆಂದೇ ಅಳೆದದ್ದು. ಅದನ್ನು ತೋರಿಸಿ ಹಳೆಯದಕ್ಕೂ ಹಾಗೇ ಹಾಕಿ ಎನ್ನುವವರು ಈಗಲೂ ಸಿಗುತ್ತಾರೆ.

ಫಿಟ್ಟರ್ ಸಾರ್ ಒಮ್ಮೆ ಮಾತ್ರ ಸೋತದ್ದನ್ನು ನಾನು ನೋಡಿದೆ. ಗಿರಾಕಿ ಮಾವನಿಗೆ ಬೇಕಾದವರ ಮಗ. ಮಡ್‌ಗಾರ್ಡು ಕತ್ತರಿಸಿಯಾದರೂ ಹಾಕಿ ಎಂದು ಹಟ ಹಿಡಿದ. ಬಹಳ ಹೊತ್ತು ಮಡ್‌ಗಾರ್ಡಿನ ಅಂಚಿನ ಮೇಲೆ ಕೈ ಆಡಿಸುತ್ತ ಕೂತವರು, "ಇದನ್ನ ಪ್ರೆಸ್ಸಿಂದ ಹೊರಗೆ ಬರೋದು ನೋಡಿದೀನಿ ಕಣಪ್ಪ. ಗರಗಸ ನೀನೇ ಹಿಡ್ಕೊ" ಎಂದು ಎದ್ದು ಕಾಫಿಗೆ ಹೋದರು. ಬೇರೆಯವನೊಬ್ಬ ಕತ್ತರಿಸಿದ. ಮಾವ ಆವತ್ತು ಟೈರಿನ ಮೇಲೆ ಲಾಭ ತೆಗೆದುಕೊಳ್ಳಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಈಗ ಆ ಹುಡುಗರೆಲ್ಲ ನರೆತ ತಲೆಯವರು, ಹಲವರಿಗೆ ಅಪ್ಪನ ಗಾಡಿಯನ್ನು ಮೊದಲಿನಂತೆ ಮಾಡಿಸುವ ಆಸೆ ಬಂದಿದೆ. ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ ನಡೆಯುವ ಜಾವಾ ದಿನದಲ್ಲಿ ಅವರು ಸಿಗುತ್ತಾರೆ. ಮಾತು ಶುರುವಾಗುವುದು ಒಂದೇ ಪ್ರಶ್ನೆಯಿಂದ: ಒರಿಜಿನಲ್ ಚೈನ್‌ಕೇಸು ಎಲ್ಲಾದರೂ ಇದೆಯಾ? ಹೊಸದಾಗಿ ಮಾಡಿದವು ಸಿಗುತ್ತವೆ, ತಗಡು ತೆಳು, ಬೋಲ್ಟಿನ ತೂತು ಒಂದಕ್ಕೊಂದು ಕೂರುವುದಿಲ್ಲ. ಒಂದು ಟೈರು ಸವೆಯುವ ಕಾಲಕ್ಕೋಸ್ಕರ ಎಸೆದ ಪೆಟ್ಟಿಗೆಯನ್ನು ಇಂದು ಟೈರಿಗಿಂತ ಹೆಚ್ಚು ಬೆಲೆ ಕೊಟ್ಟು ಹುಡುಕುತ್ತಿದ್ದಾರೆ.

ಹಾಗಾಗಿ ಕೇಳಿದವರಿಗೆ ನನ್ನದು ಒಂದೇ ಉತ್ತರ. 3.25 ಇದ್ದಲ್ಲಿ 3.50 ತನಕ ಹೋಗಿ, ಅದಕ್ಕೆ ತಕ್ಕ ಟ್ಯೂಬು ಹಾಕಿಸಿ, ಕೊಳ್ಳುವ ಮುನ್ನ ಟೈರಿನ ಬದಿಯ ನಾಲ್ಕಂಕಿ ಓದಿ. 2419 ಎಂದಿದ್ದರೆ ಅದು 2019ರ 24ನೇ ವಾರದ್ದು, ಗೋದಾಮಿನಲ್ಲಿ ಗಟ್ಟಿಯಾದ ಹಳೆ ರಬ್ಬರು ಎಷ್ಟು ದಪ್ಪವಿದ್ದರೂ ಬೇಡ. ಚಕ್ರ ಕೂರಿಸಿದ ಮೇಲೆ ದಾರ ಎಳೆದು ನೋಡಿ. ನಿಮ್ಮ ಅಟ್ಟದ ಮೇಲೋ ಕೊಟ್ಟಿಗೆಯಲ್ಲೋ ಹಳೆ ಯೆಜ್ಡಿಯ ಚೈನ್‌ಕೇಸು, ಮಡ್‌ಗಾರ್ಡು ತುಕ್ಕು ಹಿಡಿದು ಬಿದ್ದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಮುಂದಿನ ಜಾವಾ ದಿನಕ್ಕೆ ತನ್ನಿ, ಬೇಕಾದವರು ಅಲ್ಲಿ ಕಾಯುತ್ತಿರುತ್ತಾರೆ.